ಎಣಿಸುತ್ತ ಕಲಿಯುವ ಸಂಕೇತ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮದುವೆ ಫೋಟೊ ಆ ಕಡೆ ತಲುಪುವಷ್ಟರಲ್ಲಿ ತುಸು ಮಸುಕಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಪಹಣಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕಂಪ್ಯೂಟರ್ ಫೈಲುಗಳನ್ನು ಕುಗ್ಗಿಸುವ ವಿದ್ಯೆಯೂ ಇಲ್ಲಿಯೇ ಎರಡಾಗಿ ಕವಲೊಡೆಯುತ್ತದೆ. ಕಣ್ಣಿಗೆ ಕಿವಿಗೆ ಗೊತ್ತಾಗದಷ್ಟನ್ನು ಬಿಸಾಕಿ ಕುಗ್ಗಿಸುವುದು ಒಂದು ದಾರಿ. ಏನನ್ನೂ ಬಿಸಾಕದೆ, ಬಿಚ್ಚಿದಾಗ ಕೊನೆಯ ಬಿಟ್‌ವರೆಗೂ ಮೂಲದಂತೆಯೇ ಸಿಗುವ ಹಾಗೆ ಕುಗ್ಗಿಸುವುದು ಇನ್ನೊಂದು. ಜಿಪ್ ಫೈಲು, ಪಿಎನ್‌ಜಿ ಚಿತ್ರ, ಫೋನಿಗೆ ಇಳಿಸಿಕೊಳ್ಳುವ ಆ್ಯಪ್ ಎಲ್ಲವೂ ಈ ಎರಡನೆಯ ದಾರಿಯವು. ಇಂದಿನ ಮಾತು ಆ ದಾರಿಯಲ್ಲಿ ಸಿಗುವ ಒಂದು ಜಾಣ ಉಪಾಯದ ಬಗ್ಗೆ. ಕಳಿಸುವವನೂ ಪಡೆಯುವವನೂ ಒಬ್ಬರಿಗೊಬ್ಬರು ಏನೂ ಹೇಳಿಕೊಳ್ಳದೆ, ಸಂದೇಶ ಸಾಗುತ್ತಿರುವಾಗಲೇ ಸಂಕೇತವನ್ನು ಬದಲಿಸಿಕೊಳ್ಳುತ್ತ ಹೋಗುವ ಉಪಾಯ ಅದು.

ಏನನ್ನೂ ಕಳೆಯದೆ ಚಿಕ್ಕದು ಮಾಡುವ ಮೂಲ ಸೂತ್ರ ಟೆಲಿಗ್ರಾಫ್ ಕಾಲದಲ್ಲೇ ಗೊತ್ತಿತ್ತು: ಹೆಚ್ಚು ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದದ ಸಂಕೇತ. ಮೋರ್ಸ್ ಪದ್ಧತಿಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ, ‘ಟಿ’ಗೆ ಒಂದೇ ಗೆರೆ, ‘ಕ್ಯೂ’ಗೆ ನಾಲ್ಕು ಗುರುತು. ಮೋರ್ಸ್‌ನ ಜೊತೆಗಾರ ಆಲ್ಫ್ರೆಡ್ ವೇಲ್ ಅಚ್ಚುಕೂಟಕ್ಕೆ ಹೋಗಿ, ಯಾವ ಅಕ್ಷರದ ಮೊಳೆಗಳನ್ನು ಎಷ್ಟೆಷ್ಟು ಇಟ್ಟುಕೊಂಡಿದ್ದಾರೆಂದು ನೋಡಿ ಈ ಹಂಚಿಕೆ ಮಾಡಿದನೆಂಬ ಮಾತಿದೆ. ಆದರೆ ಈ ಪದ್ಧತಿಗೆ ಅಕ್ಷರಗಳ ನಡುವೆ ಬಿಡುವು ಬೇಕೇ ಬೇಕು. ಬಿಡುವಿಲ್ಲದೆ ಒಂದು ಚುಕ್ಕೆ, ಒಂದು ಗೆರೆ ಬಂದರೆ ಅದನ್ನು ‘ಎ’ ಎಂದೂ ಓದಬಹುದು, ‘ಇ’ ಆದಮೇಲೆ ‘ಟಿ’ ಎಂದೂ ಓದಬಹುದು.

ಕಂಪ್ಯೂಟರಿನಲ್ಲಿ ಬಿಡುವು ಎಂಬ ಮೂರನೆಯ ಗುರುತಿಲ್ಲ; ಇರುವುದು ಸೊನ್ನೆ ಮತ್ತು ಒಂದು ಮಾತ್ರ. ಹಾಗಾಗಿ ಬೇರೆ ಕಟ್ಟಳೆ ಬೇಕಾಯಿತು: ಯಾವ ಅಕ್ಷರದ ಸಂಕೇತವೂ ಮತ್ತೊಂದು ಅಕ್ಷರದ ಸಂಕೇತದ ಆರಂಭವಾಗಿರಬಾರದು. ಈ ಕಟ್ಟಳೆ ಪಾಲಿಸುವ ಸಂಕೇತಗಳಿಗೆ ಪ್ರಿಫಿಕ್ಸ್ ಕೋಡ್ ಎಂದು ಹೆಸರು. ‘ಜನನ’, ‘ಗಗನ’ ಎಂಬ ಎರಡು ಪದ ತೆಗೆದುಕೊಳ್ಳಿ. ಒಟ್ಟು ಆರು ಅಕ್ಷರ. ನ ಮೂರು ಸಲ, ಗ ಎರಡು ಸಲ, ಜ ಒಂದು ಸಲ. ಮೂರಕ್ಕೂ ಒಂದೇ ಅಳತೆಯ ಸಂಕೇತ ಕೊಟ್ಟರೆ ತಲಾ 2 ಬಿಟ್‌ನಂತೆ 12 ಬಿಟ್ ಬೇಕು. ಅದರ ಬದಲು ನ ಎಂದರೆ 0, ಗ ಎಂದರೆ 10, ಜ ಎಂದರೆ 11 ಎಂದಿಟ್ಟುಕೊಂಡರೆ ಸಂದೇಶ 110010100 ಆಗುತ್ತದೆ, ಬರೀ 9 ಬಿಟ್. ಎಡದಿಂದ ಓದಿಕೊಂಡು ಹೋಗಿ: 11 ಸಿಕ್ಕಿತು, ಜ. 0 ಸಿಕ್ಕಿತು, ನ. ಮತ್ತೆ 0, ನ. 10 ಸಿಕ್ಕಿತು, ಗ. ಎಲ್ಲಿಯೂ ಗೊಂದಲವಿಲ್ಲ, ಎಲ್ಲಿಯೂ ಬಿಡುವು ಬೇಕಿಲ್ಲ.

ಇಂಥ ಹಂಚಿಕೆಗಳಲ್ಲಿ ಅತ್ಯುತ್ತಮವಾದದ್ದನ್ನು ಕಂಡುಹಿಡಿಯುವ ಬಗೆಯನ್ನು ಡೇವಿಡ್ ಹಫ್‌ಮನ್ 1951ರಲ್ಲಿ ಎಂಐಟಿಯ ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡ. ಪಾಠ ಹೇಳುತ್ತಿದ್ದ ರಾಬರ್ಟ್ ಫಾನೊ ಅಕ್ಷರಗಳ ಗುಂಪನ್ನು ಮೇಲಿನಿಂದ ಎರಡೆರಡಾಗಿ ಒಡೆಯುತ್ತ ಬಂದಿದ್ದರು. ಹಫ್‌ಮನ್ ಕೆಳಗಿನಿಂದ ಹೊರಟ: ಅತಿ ಕಡಿಮೆ ಬರುವ ಎರಡು ಅಕ್ಷರಗಳನ್ನು ಕೂಡಿಸಿ ಒಂದು ಮಾಡು, ಮತ್ತೆ ಉಳಿದವುಗಳಲ್ಲಿ ಅತಿ ಕಡಿಮೆಯ ಎರಡನ್ನು ಕೂಡಿಸು, ಎಲ್ಲ ಸೇರಿ ಒಂದೇ ಮರವಾಗುವ ತನಕ. ಪ್ರತಿ ಕವಲಿನಲ್ಲಿ ಒಂದು ಕಡೆಗೆ 0, ಇನ್ನೊಂದು ಕಡೆಗೆ 1; ಬುಡದಿಂದ ಎಲೆಯವರೆಗಿನ ದಾರಿಯೇ ಆ ಎಲೆಯಲ್ಲಿರುವ ಅಕ್ಷರದ ಸಂಕೇತ. 1952ರಲ್ಲಿ ಅಚ್ಚಾದ ಆ ಲೇಖನದ ವಿಧಾನವನ್ನು ಇಂದಿಗೂ ಪಾಠ ಮಾಡುತ್ತಾರೆ, ಇಂದಿಗೂ ಬಳಸುತ್ತಾರೆ.

ಆದರೆ ಹಫ್‌ಮನ್ ಮರ ಕಟ್ಟಬೇಕಾದರೆ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಮೊದಲೇ ಗೊತ್ತಿರಬೇಕು. ಹಾಗೆ ಗೊತ್ತಾಗಬೇಕಾದರೆ ಇಡೀ ಫೈಲನ್ನು ಎಣಿಸಲು ಒಮ್ಮೆ, ಸಂಕೇತಕ್ಕೆ ಇಳಿಸಲು ಇನ್ನೊಮ್ಮೆ, ಹೀಗೆ ಎರಡು ಸಲ ಓದಬೇಕು. ಯಾರೋ ಟೈಪ್ ಮಾಡುತ್ತಿದ್ದಂತೆಯೇ ಸಾಲುಗಳು ತಂತಿಯಲ್ಲಿ ಹೋಗುತ್ತಿರುವಾಗ ಮೊದಲೇ ಎಣಿಸುವುದು ಎಲ್ಲಿಂದ ಬಂತು? ಅದೂ ಅಲ್ಲದೆ ಯಾವ ಅಕ್ಷರಕ್ಕೆ ಯಾವ ಸಂಕೇತ ಎಂಬ ಪಟ್ಟಿ ಪಡೆಯುವವನಿಗೂ ಬೇಕು. ಪಟ್ಟಿಯನ್ನು ಸಂದೇಶದ ಜೊತೆಗೇ ಕಟ್ಟಿ ಕಳಿಸಬೇಕು. ಚಿಕ್ಕ ಸಂದೇಶವಾದರೆ ಉಳಿಸಿದ್ದನ್ನೆಲ್ಲ ಪಟ್ಟಿಯೇ ನುಂಗಿಬಿಡುತ್ತದೆ.

1973ರಲ್ಲಿ ಬ್ರೆಜಿಲ್‌ನ ನ್ಯೂಟನ್ ಫಾಲರ್ ಪಟ್ಟಿಯನ್ನೇ ಕಿತ್ತುಹಾಕಿದ. ಐದು ವರ್ಷದ ನಂತರ, 1978ರಲ್ಲಿ, ಎಂಐಟಿಯ ರಾಬರ್ಟ್ ಗ್ಯಾಲಗರ್ ಬೇರೆ ದಿಕ್ಕಿನಿಂದ ಬಂದು ಅದೇ ಜಾಗ ತಲುಪಿದರು. 1985ರಲ್ಲಿ ಡೊನಾಲ್ಡ್ ಕನೂತ್ ಅದನ್ನು ಚುರುಕಾಗಿ ನಡೆಸುವ ಪ್ರೋಗ್ರಾಂ ಬರೆದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಈ ವಿಧಾನವನ್ನು ಎಫ್‌ಜಿಕೆ ಎನ್ನುತ್ತಾರೆ. ಅದರ ಗುಟ್ಟು ಒಂದೇ ಮಾತಿನಲ್ಲಿದೆ: ಮೊದಲು ಹಳೆಯ ಸಂಕೇತದಲ್ಲಿ ಅಕ್ಷರ ಕಳಿಸು, ಆಮೇಲೆ ಮರ ಬದಲಿಸು. ಕಳಿಸುವವನು ಮರವನ್ನು ಬದಲಿಸುವುದು ಆಗಷ್ಟೇ ಕಳಿಸಿದ ಅಕ್ಷರದ ಆಧಾರದ ಮೇಲೆ. ಆ ಅಕ್ಷರ ಪಡೆಯುವವನ ಕೈಗೂ ಸೇರಿರುತ್ತದೆ. ಇಬ್ಬರ ಬಳಿಯೂ ಒಂದೇ ಮರ, ಒಂದೇ ಇತಿಹಾಸ, ಒಂದೇ ನಿಯಮ. ಹಾಗಾದ ಮೇಲೆ ಇಬ್ಬರೂ ಮಾಡುವ ಬದಲಾವಣೆ ಒಂದೇ ಆಗಿರಲೇಬೇಕು. ಇಬ್ಬರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಲು ಬಿಟ್ ಯಾಕೆ ಖರ್ಚು ಮಾಡಬೇಕು?

‘ಜನನ ಗಗನ’ದಲ್ಲೇ ಇದನ್ನು ನಡೆಸಿ ನೋಡೋಣ. ಶುರುವಿನಲ್ಲಿ ಮರ ಖಾಲಿ. ಅದರಲ್ಲಿರುವುದು ‘ಹೊಸತು’ ಎಂಬ ಒಂದೇ ಎಲೆ. ಇಲ್ಲಿಯತನಕ ಕಾಣದ ಅಕ್ಷರ ಬರುತ್ತಿದೆ ಎಂದು ಎಚ್ಚರಿಸುವುದು ಅದರ ಕೆಲಸ. ಮೊದಲ ಜ ಸಂಕೇತವಿಲ್ಲದೆ ತನ್ನ ಮೂಲರೂಪದಲ್ಲೇ ಹೋಗುತ್ತದೆ. ಹೋದ ಮೇಲೆ ಎರಡೂ ಕಡೆ ಮರ ಎರಡಾಗಿ ಒಡೆಯುತ್ತದೆ: ಹೊಸತು 0, ಜ 1. ಮುಂದಿನದು ನ, ಅದೂ ಹೊಸದು. 0 ಕಳಿಸಿ, ಹಿಂದೆಯೇ ನ ಅಕ್ಷರವನ್ನು ಮೂಲರೂಪದಲ್ಲಿ ಕಳಿಸಬೇಕು. ಈಗ ಜ 1, ನ 01, ಹೊಸತು 00.

ಮೂರನೆಯ ಅಕ್ಷರ ಮತ್ತೆ ನ. ಈಗಿರುವ ಸಂಕೇತದಂತೆ 01 ಹೋಗುತ್ತದೆ. ಕಳಿಸಿದ ಮೇಲೆ ನೋಡಿದರೆ ನ ಎರಡು ಸಲ ಬಂದಿದೆ, ಜ ಒಂದೇ ಸಲ. ಆದರೂ ಗಿಡ್ಡ ಸಂಕೇತ ಜ ಹತ್ತಿರ ಇದೆ. ಕೂಡಲೇ ಅವೆರಡರ ಜಾಗ ಅದಲುಬದಲಾಗುತ್ತದೆ: ನ 1, ಜ 01. ನಾಲ್ಕನೆಯದು ಗ, ಹೊಸದು. 00 ಮತ್ತು ಗ. ಈಗ ಗ 001, ಹೊಸತು 000. ಐದನೆಯದು ಮತ್ತೆ ಗ: 001 ಹೋಯಿತು. ಎರಡು ಸಲ ಬಂದ ಗ ಈಗ ಜ ಇದ್ದ ಜಾಗಕ್ಕೆ ಏರುತ್ತದೆ. ಗ, ಜ ಸೇರಿರುವ ಕೊಂಬೆಯ ತೂಕ, ಅಂದರೆ ಅವುಗಳ ಒಟ್ಟು ಎಣಿಕೆ, ಮೂರಾಗಿ ನ ಎಲೆಯ ತೂಕವನ್ನು ಮೀರುವುದರಿಂದ ಆ ಇಡೀ ಕೊಂಬೆ ಮತ್ತು ನ ತಮ್ಮ ಜಾಗ ಬದಲಿಸಿಕೊಳ್ಳುತ್ತವೆ: ನ 0, ಗ 11, ಜ 101. ಕೊನೆಯ ನ ಒಂದೇ ಬಿಟ್‌ನಲ್ಲಿ, 0 ಎಂದು ಮುಗಿಯುತ್ತದೆ.

ಕೂಡಿ ನೋಡಿ: 1, 2, 2, 3, 1. ಒಟ್ಟು 9 ಬಿಟ್, ಜೊತೆಗೆ ಮೂರು ಅಕ್ಷರಗಳ ಮೂಲರೂಪ ಒಂದೊಂದು ಸಲ. ಮೊದಲೇ ಎಣಿಸಿ ಕಟ್ಟಿದ ಮರಕ್ಕೂ 9 ಬಿಟ್ ಬೇಕಾಗಿತ್ತು, ಮೇಲೆ ಪಟ್ಟಿ. ಆ ಪಟ್ಟಿಯಲ್ಲೂ ಇದೇ ಮೂರು ಅಕ್ಷರಗಳ ಹೆಸರು ಇರಲೇಬೇಕು, ಅದರ ಮೇಲೆ ಯಾವುದಕ್ಕೆ ಎಷ್ಟು ಉದ್ದದ ಸಂಕೇತ ಎಂಬ ವಿವರ ಬೇರೆ. ಒಂಬತ್ತಕ್ಕೆ ಒಂಬತ್ತು ಸರಿಹೋದದ್ದು ಈ ಉದಾಹರಣೆಯ ಅದೃಷ್ಟ. ಎಲ್ಲ ಕಡೆಗೂ ಅನ್ವಯಿಸುವ ಭರವಸೆ ಕೊಟ್ಟವರು ಜೆಫ್ರಿ ವಿಟ್ಟರ್. ಮರ ಬದಲಿಸುವ ನಿಯಮವನ್ನು ಅವರು ತಿದ್ದಿ 1987ರಲ್ಲಿ ಸಾಧಿಸಿ ತೋರಿಸಿದ್ದು ಇಷ್ಟು: ಎರಡು ಸಲ ಓದುವ ಹಫ್‌ಮನ್ ವಿಧಾನಕ್ಕೆ ಹೋಲಿಸಿದರೆ ಒಂದೇ ಸಲ ಓದುವ ಈ ವಿಧಾನಕ್ಕೆ ಆಗುವ ಹೆಚ್ಚುವರಿ ಖರ್ಚು, ಎಂಥ ಕೆಟ್ಟ ಪಠ್ಯವೇ ಬರಲಿ, ಅಕ್ಷರಕ್ಕೆ ಒಂದು ಬಿಟ್ಟನ್ನು ಮೀರುವುದಿಲ್ಲ.

ಪ್ರತಿ ಅಕ್ಷರಕ್ಕೂ ಮರವನ್ನು ಬುಡದಿಂದ ಕಟ್ಟಬೇಕಾಗಿದ್ದರೆ ಇದೆಲ್ಲ ಕಾಗದದ ಮೇಲೆಯೇ ಉಳಿಯುತ್ತಿತ್ತು. ಗ್ಯಾಲಗರ್ ಕೊಡುಗೆ ಇರುವುದು ಅಲ್ಲಿ. ಮರದ ಎಲ್ಲ ಗಂಟುಗಳನ್ನು ಹಗುರದಿಂದ ಭಾರಕ್ಕೆ ಸಾಲಾಗಿ ನಿಲ್ಲಿಸಿದಾಗ ಒಡಹುಟ್ಟಿದ ಜೋಡಿಗಳು ಅಕ್ಕಪಕ್ಕದಲ್ಲೇ ಬರುವಂತಿದ್ದರೆ ಸಾಕು, ಅದು ಸರಿಯಾದ ಹಫ್‌ಮನ್ ಮರವೇ ಎಂದು ಅವರು ತೋರಿಸಿದರು. ಒಂದು ಅಕ್ಷರದ ಎಣಿಕೆ ಹೆಚ್ಚಾದಾಗ ಆ ಎಲೆಯಿಂದ ಬುಡದವರೆಗಿನ ದಾರಿಯಲ್ಲಿ ಈ ಸಾಲು ಎಲ್ಲಿ ಕೆಡುತ್ತದೆಯೋ ಅಲ್ಲಿ ಮಾತ್ರ ಅದಲುಬದಲು ಮಾಡಿದರಾಯಿತು. ಉಳಿದ ಮರವನ್ನು ಮುಟ್ಟಬೇಕಾಗಿಯೇ ಇಲ್ಲ.

ಕನ್ನಡದ ಪಠ್ಯಕ್ಕೆ ಇದರಿಂದ ಏನು ಲಾಭ? ಕಂಪ್ಯೂಟರಿನೊಳಗೆ ನಮ್ಮ ಅಕ್ಷರಗಳು ಹೇಗೆ ಕುಳಿತಿವೆ ಎಂಬುದನ್ನು ನೋಡಬೇಕು. ಇಂದು ಜಾಲದಲ್ಲಿ ಎಲ್ಲೆಡೆ ಚಾಲ್ತಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ‘ಕನ್ನಡ’ ಎಂಬ ಪದ ಒಳಗೆ ಐದು ಚಿಹ್ನೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ. ಒಟ್ಟು 15 ಬೈಟ್. ಅವನ್ನು ಅಂಕಿಯಲ್ಲಿ ಬರೆದರೆ ಕ ಎಂದರೆ 224, 178, 149. ನ ಎಂದರೆ 224, 178, 168. ಅರ್ಧಾಕ್ಷರದ ಗುರುತು 224, 179, 141. ಡ ಎಂದರೆ 224, 178, 161. ಗಮನಿಸಿದಿರಾ? ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179, ಬೇರೆ ಇಲ್ಲ. ಅಕ್ಷರಕ್ಕೆ ಅಕ್ಷರ ಬದಲಾಗುವುದು ಬಹುಮಟ್ಟಿಗೆ ಮೂರನೆಯದು ಮಾತ್ರ.

ಇಂಗ್ಲಿಷ್ ಪಠ್ಯ ಎಣಿಸಿ ಮಾಡಿದ ಸ್ಥಿರ ಪಟ್ಟಿಯ ಕೈಗೆ ಈ ಪದ ಸಿಕ್ಕರೆ ಗತಿ ಏನು? ಆ ಪಟ್ಟಿಗೆ 224 ಎಂಬುದು ಜನ್ಮದಲ್ಲಿ ಕಾಣದ ಬೈಟ್; ಅತಿ ಉದ್ದದ ಸಂಕೇತಗಳಲ್ಲಿ ಒಂದನ್ನು ಅದಕ್ಕೆ ಅಂಟಿಸಿರುತ್ತಾರೆ. ಕುಗ್ಗಬೇಕಾದ ಕನ್ನಡ ಹಿಗ್ಗುತ್ತದೆ. ಎಣಿಸುತ್ತ ಕಲಿಯುವ ಸಂಕೇತಕ್ಕೆ ಈ ಪೂರ್ವಗ್ರಹವಿಲ್ಲ. ನಾಲ್ಕಾರು ಪದ ದಾಟುವುದರೊಳಗೆ 224 ಎಡೆಬಿಡದೆ ಬರುತ್ತಿರುವುದು ಅದಕ್ಕೆ ತಿಳಿದಿರುತ್ತದೆ. ಒಂದೆರಡು ಬಿಟ್‌ನ ಸಂಕೇತ ಅದರ ಪಾಲಿಗೆ ಬರುತ್ತದೆ. ತಮಿಳಿಗೂ ಮಲಯಾಳಕ್ಕೂ ಇದೇ ನ್ಯಾಯ. ಯಾವ ಭಾಷೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಗುಣವಿರುವ ವಿಧಾನ ಇಂದು ನಮ್ಮ ಫೋನು, ಲ್ಯಾಪ್‌ಟಾಪುಗಳಲ್ಲಿ ಇದೇ ರೂಪದಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಬರ್ಕ್ಲಿ ಯುನಿಕ್ಸ್‌ನಲ್ಲಿ ‘ಕಾಂಪ್ಯಾಕ್ಟ್’ ಎಂಬ ಪ್ರೋಗ್ರಾಂ ಇದನ್ನು ಬಳಸುತ್ತಿತ್ತು, ಬೇರೆ ವಿಧಾನದ ‘ಕಂಪ್ರೆಸ್’ ಬಂದು ಅದನ್ನು ಮೂಲೆಗೆ ತಳ್ಳಿತು. ಜಪಾನಿನಲ್ಲಿ 1980ರ ದಶಕದ ಕೊನೆಯಲ್ಲಿ ಹರುಯಾಸು ಯೊಶಿಜಾಕಿ ಬರೆದ ಎಲ್‌ಎಚ್‌ಆರ್ಕ್ ಎಂಬ ಪ್ರೋಗ್ರಾಂ ತುಂಬ ಜನಪ್ರಿಯವಾಗಿತ್ತು. ಅದರಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಹಫ್‌ಮನ್ ಮರವಿತ್ತು. ಮುಂದಿನ ಆವೃತ್ತಿಯ ಹೊತ್ತಿಗೆ ಅದನ್ನು ಬಿಟ್ಟು, ಪಠ್ಯವನ್ನು ತುಂಡುಗಳಾಗಿ ಮಾಡಿ ತುಂಡಿಗೊಂದು ಸ್ಥಿರ ಮರ ಕಟ್ಟುವ ಪದ್ಧತಿಗೆ ಹೊರಳಿದರು. ಪ್ರತಿ ಅಕ್ಷರಕ್ಕೂ ಮರವನ್ನು ತಿದ್ದುತ್ತ ಕೂರುವುದು ನಿಧಾನದ ಕೆಲಸ ಎಂಬುದು ದೊಡ್ಡ ಕಾರಣ.

ಇನ್ನೊಂದು ಕಾರಣ ತಪ್ಪುಗಳದ್ದು. ಸ್ಥಿರ ಮರದ ಸಂದೇಶದಲ್ಲಿ ದಾರಿಯಲ್ಲೊಂದು ಬಿಟ್ ಕೆಟ್ಟರೆ ಕೆಲವು ಅಕ್ಷರ ಹಾಳಾಗಿ, ಸಾಮಾನ್ಯವಾಗಿ ಸ್ವಲ್ಪ ದೂರದಲ್ಲಿ ಓದು ತಾನೇ ಹದಕ್ಕೆ ಬರುತ್ತದೆ. ಬದಲಾಗುವ ಮರದಲ್ಲಿ ಹಾಗಲ್ಲ. ಒಂದು ಅಕ್ಷರವನ್ನು ತಪ್ಪಾಗಿ ಓದಿದವನು ತನ್ನ ಮರವನ್ನೂ ತಪ್ಪಾಗಿ ಬದಲಿಸುತ್ತಾನೆ. ಅಲ್ಲಿಂದಾಚೆ ಇಬ್ಬರ ಮರಗಳೂ ಬೇರೆ ಬೇರೆ, ಓದಿದ್ದೆಲ್ಲ ಕಸ. ಪಟ್ಟಿ ಕಳಿಸದೆ ಉಳಿಸಿದ ಬಿಟ್‌ಗಳಿಗೆ ತೆರುವ ಬೆಲೆ ಇದು.

ಹೀಗಾಗಿ ಲೋಕ ನಡುದಾರಿ ಹಿಡಿಯಿತು. ಫಿಲ್ ಕಾಟ್ಜ್ ರೂಪಿಸಿದ, 1996ರಲ್ಲಿ ಅಧಿಕೃತ ವಿವರಣೆ ಪಡೆದ ಡಿಫ್ಲೇಟ್ ಪದ್ಧತಿ ಜಿಪ್, ಜಿಜಿಪ್, ಪಿಎನ್‌ಜಿ ಮೂರರಲ್ಲೂ ಇದೆ. ಅದು ಮೊದಲು ಪಠ್ಯದಲ್ಲಿ ಮರುಕಳಿಸುವ ತುಣುಕುಗಳನ್ನು ಹುಡುಕಿ, ‘ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ನಕಲು ಮಾಡು’ ಎಂದು ಬರೆದಿಡುತ್ತದೆ. ಆಮೇಲೆ ತುಂಡು ತುಂಡಿಗೂ ಹೊಸ ಹಫ್‌ಮನ್ ಮರ ಕಟ್ಟುತ್ತದೆ. ಮರವನ್ನು ಪೂರ್ತಿ ಕಳಿಸದೆ ಪ್ರತಿ ಸಂಕೇತದ ಉದ್ದವನ್ನಷ್ಟೇ ಕಳಿಸುತ್ತದೆ, ಆ ಉದ್ದಗಳ ಪಟ್ಟಿಯನ್ನೂ ಇನ್ನೊಂದು ಹಫ್‌ಮನ್ ಸಂಕೇತದಿಂದ ಕುಗ್ಗಿಸುತ್ತದೆ. ಪಠ್ಯದ ಗುಣ ಬದಲಾದಂತೆ ಸಂಕೇತ ಬದಲಾಗಬೇಕೆಂಬ ಆಸೆ ಅದೇ. ಬದಲಾಗುವ ಹೆಜ್ಜೆ ಮಾತ್ರ ದೊಡ್ಡದಾಯಿತು.

ಹಾಗೆಂದು ಅಕ್ಷರ ಅಕ್ಷರಕ್ಕೂ ಕಲಿಯುವ ಪ್ರಿಫಿಕ್ಸ್ ಸಂಕೇತ ಸತ್ತಿಲ್ಲ. ಅದು ಮರವನ್ನು ಬಿಟ್ಟು ಬದುಕಿಕೊಂಡಿತು. 1966ರಲ್ಲಿ ಸಾಲೊಮನ್ ಗೊಲಂಬ್, ಮುಂದಿನ ದಶಕದಲ್ಲಿ ನಾಸಾದ ಜೆಪಿಎಲ್‌ನ ರಾಬರ್ಟ್ ರೈಸ್ ರೂಪಿಸಿದ ಸಂಕೇತದಲ್ಲಿ ಮರವೂ ಇಲ್ಲ, ಪಟ್ಟಿಯೂ ಇಲ್ಲ. ಒಂದು ಸಂಖ್ಯೆಯನ್ನು 2, 4, 8ರಂಥ ಒಂದು ಅಳತೆಯಿಂದ ಭಾಗಿಸು. ಭಾಗಲಬ್ಧ ಎಷ್ಟೋ ಅಷ್ಟು ಒಂದುಗಳನ್ನು ಬರೆದು ಕೊನೆಗೆ ಸೊನ್ನೆ ಇಡು. ಆಮೇಲೆ ಶೇಷ ಬರೆ. ಅಳತೆ 8 ಆದರೆ 9ಕ್ಕೆ ಭಾಗಲಬ್ಧ 1, ಶೇಷ 1 (ಮೂರು ಬಿಟ್‌ನಲ್ಲಿ 001), ಸಂಕೇತ 10001. ಚಿಕ್ಕ ಸಂಖ್ಯೆಗಳೇ ಬರುತ್ತಿದ್ದರೆ ಅಳತೆ ಚಿಕ್ಕದಿರಬೇಕು, ದೊಡ್ಡವು ಬಂದರೆ ದೊಡ್ಡದು. ಕಲಿಯಬೇಕಾದದ್ದು ಈ ಒಂದೇ ಅಳತೆಯನ್ನು.

ಎಚ್‌ಪಿ ಪ್ರಯೋಗಾಲಯದಲ್ಲಿ ಹುಟ್ಟಿ ಜೆಪೆಗ್-ಎಲ್‌ಎಸ್ ಎಂಬ ಮಾನಕವಾದ ಲೊಕೊ ವಿಧಾನ ಚಿತ್ರದ ಪ್ರತಿ ಚುಕ್ಕೆಯನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಊಹಿಸಿ, ಊಹೆ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಈ ಸಂಕೇತದಲ್ಲಿ ಬರೆಯುತ್ತದೆ. ಇಲ್ಲಿಯವರೆಗೆ ಎಷ್ಟು ಚುಕ್ಕೆ ಬಂದವು, ತಪ್ಪುಗಳ ಮೊತ್ತ ಎಷ್ಟು ಎಂಬ ಎರಡು ಲೆಕ್ಕ ಇಟ್ಟುಕೊಂಡು ಮುಂದಿನ ಅಳತೆ ನಿರ್ಧರಿಸುತ್ತದೆ. ನಾಲ್ಕು ಚುಕ್ಕೆಗೆ ತಪ್ಪಿನ ಮೊತ್ತ 20 ಆಗಿದ್ದರೆ ಸರಾಸರಿ 5. ಅದಕ್ಕೆ ಸಾಲುವ ಎರಡರ ಘಾತ 8, ಅದೇ ಅಳತೆ. ಬಿಚ್ಚುವವನಿಗೂ ಈ ಎರಡು ಲೆಕ್ಕ ಗೊತ್ತಿರುವುದರಿಂದ ಹೇಳುವ ಅಗತ್ಯವಿಲ್ಲ. ಫಾಲರ್ ಯೋಚನೆಯೇ ಇದು. ಇದಕ್ಕೆ ಇನ್ನೂ ಒಂದು ಜಾಣತನ ಸೇರಿದೆ. ಚುಕ್ಕೆಗಳ ಎಣಿಕೆ ಒಂದು ಮಿತಿ ಮುಟ್ಟಿದಾಗ, ಸಾಮಾನ್ಯವಾಗಿ 64ಕ್ಕೆ, ಎರಡೂ ಲೆಕ್ಕವನ್ನು ಅರ್ಧ ಮಾಡುತ್ತಾರೆ. ಹಳೆಯದರ ತೂಕ ಹೀಗೆ ಕರಗುತ್ತ ಹೋಗುವುದರಿಂದ ಆಕಾಶದ ಭಾಗ ಮುಗಿದು ಕಲ್ಲುಬಂಡೆಯ ಭಾಗ ಬಂದರೂ ಸಂಕೇತ ಬೇಗ ಹೊಂದಿಕೊಳ್ಳುತ್ತದೆ. ಕಲಿಯುವುದಕ್ಕೆ ಮರೆಯುವುದೂ ಬೇಕು. 2004ರ ಜನವರಿಯಲ್ಲಿ ಮಂಗಳನ ಮೇಲಿಳಿದ ಸ್ಪಿರಿಟ್, ಆಪರ್ಚ್ಯುನಿಟಿ ಬಂಡಿಗಳು ನಷ್ಟವಿಲ್ಲದೆ ಕಳಿಸಬೇಕಾದ ಚಿತ್ರಗಳಿಗೆ ಲೊಕೊ ವಿಧಾನವನ್ನೇ ಬಳಸಿದವು. ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಇಡುವ ಡೈಕಾಮ್ ಮಾನಕದಲ್ಲೂ ಜೆಪೆಗ್-ಎಲ್‌ಎಸ್‌ಗೆ ಜಾಗವಿದೆ.

ಕಲಿಯುವ ಗುಣವೇ ಅಪಾಯವಾದ ಪ್ರಸಂಗವೂ ಉಂಟು. 2012ರಲ್ಲಿ ಹುಲಿಯಾನೊ ರಿಜ್ಜೊ ಮತ್ತು ಥಾಯ್ ಡುವಾಂಗ್ ‘ಕ್ರೈಮ್’ ಎಂಬ ದಾಳಿಯನ್ನು ತೋರಿಸಿದರು. ನಿಮ್ಮ ಬ್ರೌಸರ್ ಕಳಿಸುವ ಸಂದೇಶದಲ್ಲಿ ಲಾಗಿನ್‌ನ ಗುಟ್ಟಿನ ಸಂಖ್ಯೆ ಇದೆ ಎನ್ನಿ. ಕಳ್ಳ ತನ್ನ ಊಹೆಯನ್ನೂ ಅದೇ ಸಂದೇಶದೊಳಗೆ ಸೇರುವಂತೆ ಮಾಡುತ್ತಾನೆ. ಊಹೆ ನಿಜವಾದ ಗುಟ್ಟಿಗೆ ಹೊಂದಿದರೆ ಕುಗ್ಗಿಸುವ ಯಂತ್ರಕ್ಕೆ ಮರುಕಳಿಕೆ ಸಿಕ್ಕಂತಾಗಿ ಸಂದೇಶ ಒಂದಿಷ್ಟು ಗಿಡ್ಡವಾಗುತ್ತದೆ. ಬೀಗಮುದ್ರೆ ಒಡೆಯದೆ, ಉದ್ದ ಅಳೆದೇ ಗುಟ್ಟನ್ನು ಒಂದೊಂದು ಅಕ್ಷರವಾಗಿ ಹೊರತೆಗೆಯಬಹುದು. ಇದಾದ ಮೇಲೆ ಎಚ್‌ಟಿಟಿಪಿ-2 ಪದ್ಧತಿ ರೂಪಿಸಿದವರು ಸಂದೇಶದ ತಲೆಬರಹಗಳಿಗೆ ಡಿಫ್ಲೇಟ್ ಕೈಬಿಟ್ಟು, 2015ರಲ್ಲಿ ಎಲ್ಲರಿಗೂ ಒಂದೇ ಆದ ಸ್ಥಿರ ಹಫ್‌ಮನ್ ಪಟ್ಟಿಯನ್ನು ತಂದರು. ಆ ಪಟ್ಟಿಯಲ್ಲಿ ಇಂಗ್ಲಿಷಿನ ಚಿಕ್ಕಕ್ಷರ ‘ಇ’ಗೆ 5 ಬಿಟ್, ಕನ್ನಡಕ್ಕೆ ಬೇಕಾಗುವಂಥ ಬೈಟ್‌ಗಳಿಗೆ 20ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ತಲೆಬರಹಗಳಲ್ಲಿ ಕನ್ನಡ ನೇರವಾಗಿ ಬರುವುದು ಅಪರೂಪ. ಕನ್ನಡದ ವಿಳಾಸಗಳು ಒಂದೊಂದು ಚಿಹ್ನೆಗೆ ಒಂಬತ್ತು ಇಂಗ್ಲಿಷ್ ಗುರುತುಗಳಾಗಿ ಬಿಡಿಸಿಕೊಂಡೇ ಸಾಗುತ್ತವೆ. ಸುರಕ್ಷತೆಗಾಗಿ ಮಾಡಿದ ಆಯ್ಕೆ ಸರಿಯೇ. ಆದರೆ ಸ್ಥಿರ ಪಟ್ಟಿ ಎಂದರೆ ಯಾರೋ ಎಂದೋ ಎಣಿಸಿದ ಪಠ್ಯದ ನೆರಳು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಚಿಕ್ಕ ಪಠ್ಯಗಳ ಮಟ್ಟಿಗೆ ಈ ನೆರಳು ಇನ್ನಷ್ಟು ದಟ್ಟ. ಎಣಿಸುತ್ತ ಕಲಿಯುವುದಕ್ಕೆ ಎಣಿಸಲು ಏನಾದರೂ ಬೇಕು. ನಾಲ್ಕು ಸಾಲಿನ ಸಂದೇಶ ಕಲಿಕೆ ಶುರುವಾಗುವ ಮೊದಲೇ ಮುಗಿದಿರುತ್ತದೆ. ಅದಕ್ಕಾಗಿ ಗೂಗಲ್‌ನ ಬ್ರಾಟ್ಲಿ ಪದ್ಧತಿ ಮೊದಲೇ ಒಂದು ನಿಘಂಟನ್ನು ಒಳಗಿಟ್ಟುಕೊಂಡು ಬಂತು. ಇಂದಿನ ಬ್ರೌಸರ್‌ಗಳಲ್ಲೆಲ್ಲ ಇರುವ ಆ ನಿಘಂಟಿನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಚೀನಿ, ಹಿಂದಿ, ರಷ್ಯನ್, ಅರಬ್ಬಿ ಭಾಷೆಗಳ ಪದ ಮತ್ತು ಪದಭಾಗಗಳು 13,504 ಇವೆ. ಕನ್ನಡದ ಪಾಲು ಅದರಲ್ಲಿಲ್ಲ. ಇದಕ್ಕೆ ಯಾರ ಮೇಲೂ ಮುನಿಸಿಕೊಳ್ಳಬೇಕಿಲ್ಲ, ಏಕೆಂದರೆ ಮದ್ದು ನಮ್ಮ ಕೈಯಲ್ಲೇ ಇದೆ. ಫೇಸ್‌ಬುಕ್ 2016ರಲ್ಲಿ ಮುಕ್ತವಾಗಿ ಬಿಟ್ಟ ಜೆಡ್‌ಸ್ಟ್ಯಾಂಡರ್ಡ್ ಎಂಬ ಸಾಧನಕ್ಕೆ ನಿಮ್ಮದೇ ಮಾದರಿ ಫೈಲುಗಳನ್ನು ಕೊಟ್ಟರೆ ನಿಮ್ಮದೇ ನಿಘಂಟು ತಯಾರಾಗುತ್ತದೆ. ಚಿಕ್ಕ ಚಿಕ್ಕ ಕನ್ನಡ ದಾಖಲೆಗಳನ್ನು ಲಕ್ಷಗಟ್ಟಲೆ ಇಟ್ಟುಕೊಂಡಿರುವ ಗ್ರಂಥಾಲಯವಾಗಲಿ, ಪತ್ರಿಕೆಯಾಗಲಿ, ನಿಘಂಟಿನ ಯೋಜನೆಯಾಗಲಿ ತಮ್ಮ ಪಠ್ಯವನ್ನೇ ಮಾದರಿಯಾಗಿ ಕೊಟ್ಟು ಇದನ್ನು ಮಾಡಿಕೊಳ್ಳಬಹುದು. ದೊಡ್ಡ ಫೈಲಿಗೆ ಕಲಿಯುವ ಸಂಕೇತ ಸಾಕು, ಅದು ಯಾವ ಭಾಷೆಯನ್ನೂ ಬೇರೆಯೆಂದು ಕಾಣುವುದಿಲ್ಲ. ಚಿಕ್ಕದಕ್ಕೆ ಮಾತ್ರ ಯಾರಾದರೂ ಮುಂಚೆಯೇ ಎಣಿಸಿರಬೇಕು, ಮತ್ತು ಕನ್ನಡವನ್ನು ಎಣಿಸುವ ಕೆಲಸವನ್ನು ಕನ್ನಡಿಗರೇ ಮಾಡಬೇಕು.